ಹೊಳೆಯುವ ಹಳೇ ಕೋವಿ ಕೊಳ್ಳುವ ಮೊದಲು

ಪ್ರಶ್ನೆ: ಸಾರ್, ನಾನು ಸಕಲೇಶಪುರದ ಕಡೆಯ ಕಾಫಿ ಬೆಳೆಗಾರ. ಅಪ್ಪನ ಕಾಲದ 12 ಬೋರ್ ಜೋಡಿ ನಳಿಗೆ ಕೋವಿ ನನ್ನ ಲೈಸೆನ್ಸ್‌ನಲ್ಲಿದೆ. ಈಗ ಪರಿಚಯದವರೊಬ್ಬರು ಕೊಡಗಿನಲ್ಲಿ ಒಂದು 20 ಬೋರ್ ಹಳೇ ಇಂಗ್ಲಿಷ್ ಕೋವಿ ಮಾರುತ್ತಿದ್ದಾರೆ. ರಿಬ್ (ಎರಡು ನಳಿಗೆ ಸೇರುವ ಕಡೆ ಉದ್ದಕ್ಕೂ ಇರುವ ಪಟ್ಟಿ) ಮೇಲೆ ಮ್ಯಾಂಟನ್, ಕಲ್ಕತ್ತಾ ಎಂದಿದೆ. ‘ಜೋ ಮ್ಯಾಂಟನ್ ಮಾಡಿದ್ದು, 1930ರ ಲಂಡನ್ ಮಾಲು, ಪೂರ್ತಿ ರಿಸ್ಟೋರ್ ಮಾಡಿಸಿದ್ದೇನೆ, ಹೊಸದರ ಹಾಗೇ ಇದೆ’ ಅನ್ನುತ್ತಾರೆ. ಫೋಟೋ ಕಳಿಸಿದ್ದೇನೆ. ನೋಡೋಕೆ ಬಹಳ ಚೆನ್ನಾಗಿದೆ, ಬೆಲೆ ಮಾತ್ರ ಜಾಸ್ತಿ. ತಗೊಳ್ಳಬಹುದಾ? ಏನೇನು ನೋಡಬೇಕು?

ಉತ್ತರ: ಫೋಟೋ ನೋಡಿದೆ. ಚೆನ್ನಾಗಿದೆ ಅನ್ನುವುದರಲ್ಲಿ ಅನುಮಾನವಿಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ.

ಮೊದಲು ಒಂದು ಮಾತು ತಲೆಯಲ್ಲಿಟ್ಟುಕೊಳ್ಳಿ. ಹಳೇ ಕೋವಿಗೆ ಹೊಳಪು ಬರುವುದು ಏನನ್ನೋ ಬಳಿದು ಅಲ್ಲ, ತೆಗೆದು. ತುಕ್ಕು ಹೋಗಬೇಕಾದರೆ ಅದರ ಸುತ್ತಲಿನ ಕಬ್ಬಿಣವೂ ಅಷ್ಟು ಹೋಗಬೇಕು. ಮರದ ಮೇಲಿನ ಗೀರು ಹೋಗಬೇಕಾದರೆ ಗೀರಿನ ಆಳದಷ್ಟು ಮರ ಹೋಗಬೇಕು. ಒಳ್ಳೆ ಕೆಲಸಗಾರ ಎಷ್ಟು ತೆಗೆಯಬೇಕೋ ಅಷ್ಟೇ ತೆಗೆದು ನಿಲ್ಲಿಸುತ್ತಾನೆ. ಕೆಟ್ಟ ಕೆಲಸಗಾರ ಕನ್ನಡಿ ಥರ ಆಗುವ ತನಕ ಉಜ್ಜುತ್ತಾನೆ, ಮತ್ತು ಗಿರಾಕಿಗೆ ಇಷ್ಟವಾಗುವುದು ಹೆಚ್ಚಾಗಿ ಇವನ ಕೆಲಸವೇ. ಹಾಗಾಗಿ ಇಲ್ಲಿ ನೀವು ಹುಡುಕಬೇಕಾದ್ದು ಏನಿದೆ ಅನ್ನುವುದನ್ನಲ್ಲ, ಎಷ್ಟು ಹೋಗಿದೆ ಅನ್ನುವುದನ್ನು. 12 ಬೋರ್ ಆಗಿದ್ದರೆ ಸ್ವಲ್ಪ ಧೈರ್ಯ ಹೇಳಬಹುದಿತ್ತೋ ಏನೋ. 20 ಬೋರ್ ಅಂದರೆ 12ಕ್ಕಿಂತ ಸಣ್ಣ ತೂತು, ಅದರ ನಳಿಗೆ ತೂಕ ಕಡಿಮೆ ಮಾಡಲೆಂದೇ ಮೊದಲಿಂದ ತೆಳ್ಳಗೆ ಮಾಡಿದ್ದು, ಕಳೆದುಕೊಳ್ಳೋಕೆ ಅದರ ಬಳಿ ಜಾಸ್ತಿ ಇಲ್ಲ.

ನಾನೂ ಒಮ್ಮೆ ಮೋಸ ಹೋಗಿದ್ದೇನೆ. ಅದೂ 20 ಬೋರೇ. ಯಾರ ಬಳಿ ಕೊಂಡೆ ಅನ್ನುವುದು ಬೇಡ. ಕಡು ಕಪ್ಪು ನಳಿಗೆ, ಎಣ್ಣೆ ಹಚ್ಚಿದ ಮರ, ಬೆಳ್ಳಿ ಲೋಟದ ಹಾಗೆ ಹೊಳೆಯುವ ಬೋರ್, ಅಂದರೆ ನಳಿಗೆಯ ಒಳತೂತು. ಬೇಸಗೆಯಲ್ಲಿ ತಂದೆ. ಮಳೆಗಾಲ ಶುರುವಾಗಿ ಒಂದು ತಿಂಗಳಾಗಿರಬೇಕು, ಒರೆಸೋಣ ಅಂತ ತೆಗೆದರೆ ರಿಬ್ ಉದ್ದಕ್ಕೂ ಬಿಳೀ ಪುಡಿ, ಗೋಡೆಗೆ ಉಪ್ಪು ಹಿಡಿದ ಹಾಗೆ. ಒರೆಸಿದೆ, ವಾರ ಬಿಟ್ಟು ನೋಡಿದರೆ ಮತ್ತೆ ಅಷ್ಟೇ. ಬೆರಳಲ್ಲಿ ಒತ್ತಿದರೆ ರಿಬ್ ಒಂದು ಕಡೆ ಅಲುಗುತ್ತಿತ್ತು. ಆಗ ಗೊತ್ತಾಯಿತು ಏನಾಗಿದೆ ಅಂತ.

ಆದದ್ದು ಇಷ್ಟು. ಜೋಡಿ ನಳಿಗೆ ಕೋವಿಯಲ್ಲಿ ಎರಡು ನಳಿಗೆ, ಮೇಲಿನ ರಿಬ್, ಕೆಳಗಿನ ರಿಬ್ ಎಲ್ಲವನ್ನೂ ಹಿಡಿದಿಟ್ಟಿರುವುದು ತವರ-ಸೀಸದ ಮೆತ್ತನೆ ಬೆಸುಗೆ. ಇಂಥ ನಳಿಗೆಗೆ ಕಪ್ಪು ಬಣ್ಣ ಏರಿಸುವ ಸರಿಯಾದ ದಾರಿ ಹಳೇದು. ನಿಧಾನವಾಗಿ ತುಕ್ಕು ಹಿಡಿಸುವುದು, ನೀರಲ್ಲಿ ಕುದಿಸುವುದು, ಉಜ್ಜುವುದು, ಮತ್ತೆ ತುಕ್ಕು ಹಿಡಿಸುವುದು. ದಿನಗಟ್ಟಲೆ ಕೆಲಸ. ಈಗಿನ ಕಾರ್ಖಾನೆ ಬಂದೂಕುಗಳಿಗೆ ಮಾಡುವುದು ಬೇರೆ, ಕಾಸ್ಟಿಕ್ ಸೋಡಾ ಮತ್ತು ಉಪ್ಪುಗಳ ಕುದಿಯುವ ತೊಟ್ಟಿಯಲ್ಲಿ ಅದ್ದಿ ತೆಗೆದರೆ ಮುಗಿಯಿತು. ಹಳೇ ಜೋಡಿ ನಳಿಗೆಯನ್ನು ಆ ತೊಟ್ಟಿಗೆ ಹಾಕಿದರೆ ಕಾಸ್ಟಿಕ್ ಬೆಸುಗೆಯನ್ನು ತಿನ್ನುತ್ತದೆ, ಎರಡು ನಳಿಗೆಯ ನಡುವಿನ ಪೊಳ್ಳಿಗೆ ಉಪ್ಪು ಹೊಕ್ಕು ಕೂರುತ್ತದೆ. ಹೊರಗೆ ಕಪ್ಪು, ಒಳಗೆ ಕೊಳೆತ. ಬೇಸಗೆಯಲ್ಲಿ ಏನೂ ತಿಳಿಯುವುದಿಲ್ಲ. ನಮ್ಮ ಮಳೆಗಾಲ ಎಲ್ಲವನ್ನೂ ಹೊರಗೆ ಹಾಕುತ್ತದೆ.

ಆದ್ದರಿಂದ ಕೋವಿ ಕೈಗೆ ಬಂದ ಕೂಡಲೇ (ಮುರಿದು, ಅಂದರೆ ನಳಿಗೆ ಕೆಳಗೆ ಬಾಗಿಸಿ ತೆರೆದು, ತೋಟಾ ಕೂರುವ ಜಾಗವಾದ ಚೇಂಬರ್ ಎರಡೂ ಖಾಲಿ ಅಂತ ಕಣ್ಣಲ್ಲಿ ನೋಡಿದ ಮೇಲೆ, ಇದನ್ನು ಯಾರ ಮನೆಯಲ್ಲಾದರೂ ನಾಚಿಕೆ ಇಲ್ಲದೆ ಮಾಡಿ) ಮುಂದಿನ ಮರ ಕಳಚಿ, ನಳಿಗೆಯನ್ನು ಬೇರೆ ತೆಗೆಯಿರಿ. ನಳಿಗೆಯ ಅಡಿಯಲ್ಲಿ ಕೊಕ್ಕೆಯಂಥ ದಪ್ಪ ಭಾಗ ಇರುತ್ತದಲ್ಲ, ಅದಕ್ಕೆ ಒಂದು ಬೆರಳು ಸಿಕ್ಕಿಸಿ ನಳಿಗೆಯನ್ನು ನೇತಾಡಲು ಬಿಡಿ. ಇನ್ನೊಂದು ಕೈಯ ಗೆಣ್ಣಿನಿಂದ ಮೆಲ್ಲಗೆ ಬಡಿಯಿರಿ. ಸಂತೆಯಲ್ಲಿ ಮಡಕೆ ಬಾರಿಸಿ ನೋಡುತ್ತೇವಲ್ಲ, ಹಾಗೆಯೇ. ಬೆಸುಗೆ ಗಟ್ಟಿ ಇದ್ದರೆ ಠಣ್ ಅಂತ ನಾದ ಎಳೆಯುತ್ತದೆ, ಮೂರು ನಾಲ್ಕು ಸೆಕೆಂಡು ನಿಲ್ಲುತ್ತದೆ. ಎಲ್ಲೋ ಬಿಟ್ಟಿದ್ದರೆ ಡಬ್ ಅಂದು ಅಲ್ಲೇ ಸಾಯುತ್ತದೆ, ಇಲ್ಲವೇ ಜೀರುಂಡೆ ಥರ ಗರಗರ ಅನ್ನುತ್ತದೆ. ನಾನು ಅವತ್ತು ಈ ಒಂದು ನಿಮಿಷದ ಕೆಲಸ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ, ಬಣ್ಣ ನೋಡುತ್ತಾ ಕೂತೆ.

ಬಣ್ಣವೂ ಸುಳಿವು ಕೊಡುತ್ತದೆ. ಹಳೇ ವಿಧಾನದ ಕಪ್ಪು ಸ್ವಲ್ಪ ಮಂಕಾಗಿ, ಬಿಸಿಲಲ್ಲಿ ಕಂದು ನೆರಳು ಹೊಡೆಯುವ ಹಾಗೆ ಇರುತ್ತದೆ. ಕಾರಿನ ಬಾನೆಟ್ ಥರ ಮಿರಮಿರ ಮಿಂಚುವ ನೀಲಿಗಪ್ಪು ಕಂಡರೆ ರಿಬ್ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ನಿಮ್ಮ ಮೂರನೇ ಫೋಟೋದಲ್ಲಿ ನನಗೆ ಕಂಡದ್ದು ಎರಡನೇ ಬಗೆಯ ಕಪ್ಪು. ಫೋನಿನ ಕ್ಯಾಮೆರಾ ಬಣ್ಣ ಬದಲಿಸುತ್ತದೆ, ಹಾಗಾಗಿ ತೀರ್ಪು ಕೊಡುವುದಿಲ್ಲ. ಆದರೆ ಬಾರಿಸಿ ನೋಡದೆ ಮುಂಗಡ ಮಾತ್ರ ಕೊಡಬೇಡಿ.

ಈಗ ಹೆಸರಿನ ವಿಷಯ. ಜೋಸೆಫ್ ಮ್ಯಾಂಟನ್ ಲಂಡನ್ನಿನ ದೊಡ್ಡ ಕೋವಿಗಾರ, ನಿಜ. ಆದರೆ ಆತ ತೀರಿಕೊಂಡದ್ದು 1835ರಲ್ಲಿ. ಆಗಿನದು ನಳಿಗೆ ಬಾಯಿಂದ ಮದ್ದು ತುಂಬುವ ಕಾಲ. ಇದು ಮುರಿದು ತೋಟಾ ಹಾಕುವ, ಒಳಗುದುರೆಯ ಬಾಕ್ಸ್‌ಲಾಕ್ ಕೋವಿ, ಅಂದರೆ ಹೊಡೆಯುವ ಕುದುರೆ (ಹ್ಯಾಮರ್) ಹೊರಗೆ ಕಾಣದೆ ಕಬ್ಬಿಣದ ಮೈಯೊಳಗೇ ಇರುವಂಥದು. ಇದರ ಯಂತ್ರದ ಮೂಲ ವಿನ್ಯಾಸ ಆನ್ಸನ್ ಮತ್ತು ಡೀಲಿ ಎಂಬಿಬ್ಬರದು, ಪೇಟೆಂಟ್ ಆದದ್ದು 1875ರಲ್ಲಿ. ಅಂದಮೇಲೆ ಜೋ ಮ್ಯಾಂಟನ್ ಇದನ್ನು ಕನಸಲ್ಲೂ ಕಂಡಿರಲಾರ. ಕಲ್ಕತ್ತಾದ ಮ್ಯಾಂಟನ್, ರೋಡಾ, ಲಯನ್ ಅಂಡ್ ಲಯನ್ ಇವೆಲ್ಲ ಬ್ರಿಟಿಷರ ಕಾಲದ ದೊಡ್ಡ ಅಂಗಡಿಗಳು. ಬರ್ಮಿಂಗ್‌ಹ್ಯಾಮ್‌ನಿಂದ ಕೋವಿ ತರಿಸಿ ತಮ್ಮ ಹೆಸರು ಕೆತ್ತಿಸಿ ಮಾರುತ್ತಿದ್ದವು. ಅದರಲ್ಲಿ ಕೀಳೇನೂ ಇಲ್ಲ, ಬಹಳ ಒಳ್ಳೊಳ್ಳೆ ಕೋವಿಗಳು ಹಾಗೆ ಬಂದಿವೆ. ಆದರೆ ರಿಬ್ ಮೇಲಿನ ಹೆಸರು ಅಂಗಡಿಯದು. ಕೋವಿಯ ಜಾತಕ ಇರುವುದು ನಳಿಗೆಯ ಅಡಿಯಲ್ಲಿ.

ನಳಿಗೆ ಕಳಚಿದಾಗ ಚೇಂಬರಿನ ಕೆಳಗೆ ಎರಡು ಚಪ್ಪಟೆ ಜಾಗ ಕಾಣುತ್ತದೆ. ಪ್ರೂಫ್ ಮುದ್ರೆ ಅಲ್ಲಿರುತ್ತದೆ. ಬ್ರಿಟನ್ನಿನಲ್ಲಿ ಪ್ರತಿ ಕೋವಿಗೂ ಮಾಮೂಲಿಗಿಂತ ಜಾಸ್ತಿ ಮದ್ದು ಹಾಕಿ ಹೊಡೆದು ಪರೀಕ್ಷೆ ಮಾಡಿ, ತಡೆದುಕೊಂಡರೆ ಮಾತ್ರ ಮುದ್ರೆ ಒತ್ತುತ್ತಾರೆ. ಲಂಡನ್ನಿನಲ್ಲಿ ಒಂದು ಪ್ರೂಫ್ ಹೌಸ್, ಬರ್ಮಿಂಗ್‌ಹ್ಯಾಮ್‌ನಲ್ಲಿ 1813ರಿಂದ ಇನ್ನೊಂದು. ನೀವು ಕಳಿಸಿದ ಐದನೇ ಫೋಟೋ ಅಲುಗಿದೆ, ಆದರೂ ಕಿರೀಟದ ಕೆಳಗೆ ಬಿವಿ, ಬಿಪಿ, ಎನ್‌ಪಿ ಅಂತ ಓದಿಕೊಂಡೆ. ಅದು ಬರ್ಮಿಂಗ್‌ಹ್ಯಾಮ್ ಮುದ್ರೆ, 1904ರಿಂದ ಈಚಿನದು. ಎನ್‌ಪಿ ಅಂದರೆ ನೈಟ್ರೊ ಪ್ರೂಫ್, ಕರೀ ಮದ್ದಿಗಲ್ಲದೆ ಹೊಗೆ ಇಲ್ಲದ ಮದ್ದಿಗೂ ಪಾಸಾಗಿದೆ ಅಂತ. ಇದು ನಿಮಗೆ ಒಳ್ಳೆ ಸುದ್ದಿ. ಪಕ್ಕದಲ್ಲಿ ವಜ್ರಾಕಾರದೊಳಗೆ 20, ಕೆಳಗೆ ಸಿ ಅಕ್ಷರ ಇದೆ. ಚೇಂಬರ್ ಉದ್ದ ಎಷ್ಟು ಇಂಚು ಅಂತ ಎಲ್ಲೂ ಕಾಣಲಿಲ್ಲ. 1925ರ ನಿಯಮ ಬಂದ ಮೇಲೆ ಆ ಉದ್ದವನ್ನು ಇಂಚಿನಲ್ಲೇ ಒತ್ತತೊಡಗಿದರು. ಹಾಗಾದರೆ ಈ ಕೋವಿ ಹೆಚ್ಚೂಕಡಿಮೆ 1904ರಿಂದ 1925ರ ನಡುವೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಪ್ರೂಫ್ ಆದದ್ದು. ಲಂಡನ್ನೂ ಅಲ್ಲ, 1930ರದ್ದೂ ಅಲ್ಲ. ಮಾರುವವರು ಬೇಕಂತಲೇ ಸುಳ್ಳು ಹೇಳುತ್ತಿದ್ದಾರೆ ಅನ್ನುತ್ತಿಲ್ಲ. ಮನೆಯಲ್ಲಿ ಅಜ್ಜ ಹೇಳಿದ ಕತೆ ಇರುತ್ತದೆ, ಅದನ್ನೇ ಹೇಳುತ್ತಾರೆ.

ಆ ಮುದ್ರೆಗಳ ಅಂಚು ಹೇಗಿದೆ ಅಂತಲೂ ನೋಡಿ. ಚೂಪಾಗಿದ್ದರೆ ಸರಿ. ಸವೆದ ನಾಣ್ಯದ ಹಾಗೆ ಮಬ್ಬಾಗಿದ್ದರೆ ಪಾಲಿಶ್ ಚಕ್ರ ಅಲ್ಲಿಗೂ ಹೋಗಿದೆ. ಹೊರಗೆ ಕಾಣದ ಚಪ್ಪಟೆ ಜಾಗವನ್ನೇ ಉಜ್ಜಿದವನು ಹೊರಗಿನ ನಳಿಗೆಯನ್ನು ಎಷ್ಟು ಉಜ್ಜಿರಬೇಡ?

ಮುಂದಿನದು ಚೇಂಬರ್ ಉದ್ದ. ಇಲ್ಲಿ ತಿಳಿದವರೂ ಎಡವುತ್ತಾರೆ. ಆ ಕಾಲದ ಇಂಗ್ಲಿಷ್ 20 ಬೋರ್ ಸಾಮಾನ್ಯವಾಗಿ 2½ ಇಂಚಿನ, ಅಂದರೆ 65 ಮಿ.ಮೀ. ತೋಟಾಕ್ಕೆ ಮಾಡಿದ್ದು. ಈಗಿನ ತೋಟಾ ಹೆಚ್ಚಿನವು 70 ಮಿ.ಮೀ., 76 ಮಿ.ಮೀ. ಕೂಡ ಇದೆ. ‘ಹಾಕಿ ನೋಡಿದೆ ಸಾರ್, ಸರಿಯಾಗಿ ಕೂತಿತು’ ಅಂತ ಜನ ಹೇಳುತ್ತಾರೆ. ಕೂರುತ್ತದೆ, ಕೂರದೆ ಏನು! ಡಬ್ಬಿ ಮೇಲೆ ಬರೆದ 70 ಮಿ.ಮೀ. ಅನ್ನುವುದು ಹೊಡೆದ ಮೇಲೆ ಬಾಯಿ ಬಿಚ್ಚಿದ ತೋಟಾದ ಉದ್ದ. ಹೊಡೆಯುವ ಮೊದಲು ಬಾಯಿ ಮಡಿಸಿರುವುದರಿಂದ ಅದು 60 ಮಿ.ಮೀ. ಆಸುಪಾಸು ಇರುತ್ತದೆ, 65ರ ಚೇಂಬರಿಗೆ ಆರಾಮಾಗಿ ಇಳಿಯುತ್ತದೆ. ಹೊಡೆದಾಗ ಮಡಿಕೆ ಬಿಚ್ಚಿಕೊಳ್ಳೋಕೆ ಜಾಗ ಸಾಲದೆ ಮುಂದಿನ ಕಿರಿದಾದ ಭಾಗಕ್ಕೆ ಒತ್ತುತ್ತದೆ. ಚರೆ ಹೊರಡುವ ದಾರಿ ಇಕ್ಕಟ್ಟಾಗಿ ಒತ್ತಡ ಏರುತ್ತದೆ. ನೂರು ವರ್ಷದ ತೆಳು ನಳಿಗೆಗೆ ಅದು ಬೇಡದ ಪರೀಕ್ಷೆ. ಇದಕ್ಕೆ ಉಪಾಯ ಅಂತ ರಿಸ್ಟೋರ್ ಮಾಡುವವರು ಚೇಂಬರನ್ನು ಒಳಗಿಂದ ಕೊರೆದು 70 ಮಾಡುತ್ತಾರೆ. ಮತ್ತೆ ಅದೇ ಕತೆ, ಒತ್ತಡ ಜಾಸ್ತಿ ಇರುವ ಕಡೆಯೇ ಕಬ್ಬಿಣ ಹೋಯಿತು. ಕೊರೆದ ಮೇಲೆ ಹೊಸದಾಗಿ ಪ್ರೂಫ್ ಮಾಡಿಸಿರಬೇಕು, ಹೊಸ ಮುದ್ರೆ ಇರಬೇಕು. ಆದ್ದರಿಂದ ಚೇಂಬರ್ ಗೇಜ್ ಇರುವವರಿಂದ ಅಳೆಸಿ. 65 ಬಂದರೆ ಸಂತೋಷ, 65ರ ತೋಟಾ ಹುಡುಕುವ ಕೆಲಸ ನಿಮ್ಮದು. 70 ಬಂದು ಹೊಸ ಮುದ್ರೆ ಇಲ್ಲ ಅಂದರೆ ನಾನಾಗಿದ್ದರೆ ಅಲ್ಲಿಗೇ ಚಹಾ ಕುಡಿದು ಎದ್ದು ಬರುತ್ತೇನೆ.

ಇನ್ನು ಬೋರ್ ಒಳಗೆ. 20 ಬೋರ್ ಅಂದರೆ ಆ ನಳಿಗೆಗೆ ಸರಿಹೋಗುವ ಸೀಸದ ಗುಂಡು 20 ಸೇರಿದರೆ ಒಂದು ಪೌಂಡ್ ಅಂತ ಹಳೇ ಲೆಕ್ಕ. ಇಂಚಿನಲ್ಲಿ 0.615, ಅಂದರೆ 15.6 ಮಿ.ಮೀ. ಬೋರ್ ಗೇಜ್‌ನಲ್ಲಿ ನಳಿಗೆಯ ಹಿಂತುದಿಯಿಂದ 9 ಇಂಚು ಒಳಗೆ ಅಳೆಯುವುದು ವಾಡಿಕೆ. ಎಂಜಿನ್ ರೀಬೋರ್ ಅಂಗಡಿಯ ಗೇಜ್ ಅಷ್ಟು ಒಳಗೆ ಹೋಗುವುದಿಲ್ಲ, ಕೋವಿ ರಿಪೇರಿಯವರ ಹತ್ತಿರವೇ ಹೋಗಬೇಕು. ಮುದ್ರೆಯಲ್ಲಿರುವ ಅಳತೆಗಿಂತ ಇಂಚಿನ ಸಾವಿರ ಭಾಗದಲ್ಲಿ ಹತ್ತು ಭಾಗ, ಲೇತ್‌ನವರ ಭಾಷೆಯಲ್ಲಿ 10 ಥೌ, ಅದಕ್ಕಿಂತ ಅಗಲವಾಗಿದ್ದರೆ ಬ್ರಿಟನ್ನಿನಲ್ಲಿ ಅದು ಪ್ರೂಫ್ ಕಳೆದುಕೊಂಡ ಕೋವಿ, ಅಲ್ಲಿ ಮಾರುವುದೇ ಅಪರಾಧ. ನಮ್ಮಲ್ಲಿ ಕೇಳುವವರಿಲ್ಲ. ಆದರೆ ನಳಿಗೆಗೆ ಯಾವ ದೇಶದಲ್ಲಿದ್ದೇನೆ ಅಂತ ಗೊತ್ತಾಗುವುದಿಲ್ಲ ಅಲ್ವಾ.

ಹಳೇ ಕೋವಿಯ ಬೋರ್ ಕನ್ನಡಿಯಂತಿದ್ದರೆ ನಾನು ಖುಷಿಪಡುವುದಿಲ್ಲ, ಕಾರಣ ಕೇಳುತ್ತೇನೆ. ಆಗಿನ ತೋಟಾದ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಹೊಡೆದ ಮೇಲೆ ಬೋರಿನಲ್ಲಿ ಉಳಿಯುತ್ತಿದ್ದುದು ಉಪ್ಪಿನಂಥದೇ ಪದಾರ್ಥ, ಗಾಳಿಯ ತೇವ ಎಳೆದುಕೊಳ್ಳುತ್ತದೆ. ಅದೇ ಸಂಜೆ ಬಿಸಿ ನೀರು ಹಾಕಿ ತೊಳೆಯದಿದ್ದರೆ ಬೆಳಗ್ಗೆ ತುಕ್ಕು. ಮಲೆನಾಡಿನ ಮಳೆಯಲ್ಲಿ ಕೇಳಲೇಬೇಡಿ. ಇಲ್ಲಿನ ನೂರು ವರ್ಷದ ಕೋವಿಯಲ್ಲಿ ಒಂದೆರಡು ಚುಕ್ಕೆ ಇರುವುದು ಸಹಜ, ಮೈಲಿ ಕಲೆ ಥರ. ಒಂದೂ ಇಲ್ಲ ಅಂದರೆ ಅದರ ಯಜಮಾನರು ದೇವರಂಥ ಮನುಷ್ಯರಾಗಿರಬೇಕು, ಇಲ್ಲವೇ ಯಾರೋ ಕಲೆ ಹೋಗುವ ತನಕ ಬೋರನ್ನು ಉಜ್ಜಿ ಅಗಲ ಮಾಡಿರಬೇಕು.

ಬೋರಿಗಿಂತ ಮುಖ್ಯ ನಳಿಗೆಯ ಗೋಡೆ ಎಷ್ಟು ದಪ್ಪ ಉಳಿದಿದೆ ಅನ್ನುವುದು. ಒಳಗಿಂದಲೂ ಉಜ್ಜಿ ಹೊರಗಿಂದಲೂ ಉಜ್ಜಿದರೆ ಉಳಿಯುವುದೇನು? ಇದಕ್ಕೂ ಬೇರೆ ಗೇಜ್ ಇದೆ, ಉದ್ದ ಕಡ್ಡಿಯ ತುದಿ ಒಳಗೆ, ಡಯಲ್ ಹೊರಗೆ. ಒಂದೇ ಕಡೆ ಅಳೆದು ಬಿಡಬಾರದು, ನಳಿಗೆ ಉದ್ದಕ್ಕೂ, ರಿಬ್ ಬಿಟ್ಟು ಸುತ್ತಲೂ ಅಳೆಯಬೇಕು. ಕೈಯಲ್ಲಿ ಉಜ್ಜಿದ ನಳಿಗೆ ಒಂದು ಮಗ್ಗುಲು ದಪ್ಪ ಇನ್ನೊಂದು ಮಗ್ಗುಲು ತೆಳು ಇರುವುದು ಮಾಮೂಲು. ಅತಿ ತೆಳುವಾದ ಕಡೆ 20 ಥೌ, ಅಂದರೆ ಅರ್ಧ ಮಿಲಿಮೀಟರ್, ಇದಕ್ಕಿಂತ ಕಡಿಮೆ ಬಂದರೆ ಆ ಕೋವಿ ಮನೆ ಗೋಡೆಗೆ ನೇತುಹಾಕಲು ಮಾತ್ರ. 25 ಥೌ ಬಂದರೆ ನೆಮ್ಮದಿಯಿಂದ ನಿದ್ದೆ ಮಾಡಬಹುದು. ಅಳೆಯದೆ, ಬೆರಳಲ್ಲಿ ಮುಟ್ಟಿ ‘ದಪ್ಪ ಇದೆ’ ಅನ್ನುವವರ ಮಾತು ಕೇಳಬೇಡಿ. ಬಾಯಿಯ ಹತ್ತಿರದ ದಪ್ಪ ನೋಡಿ ಏನೂ ತಿಳಿಯುವುದಿಲ್ಲ, ಚೋಕ್ (ಬಾಯಿಯ ಬಳಿ ಬೋರನ್ನು ಕಿರಿದು ಮಾಡಿದ ಭಾಗ) ಇರುವ ಕಡೆ ಗೋಡೆ ಹೇಗೂ ದಪ್ಪ.

ಗೇಜ್ ಸಿಗುವ ಮೊದಲು ಮನೆಯಲ್ಲೇ ಮಾಡಬಹುದಾದ್ದು ಒಂದಿದೆ. ಕಳಚಿದ ನಳಿಗೆಯನ್ನು ಕಿಟಕಿಯ ಕಡೆ ಹಿಡಿದು, ಸರಳಿನ ನೆರಳು ಬೋರಿನ ಉದ್ದಕ್ಕೂ ಗೆರೆ ಎಳೆದ ಹಾಗೆ ಬೀಳುವಂತೆ ಮಾಡಿ. ನಳಿಗೆಯನ್ನು ಮೆಲ್ಲಗೆ ತಿರುಗಿಸಿ. ಗೆರೆ ನೇರ ಇರಬೇಕು. ಎಲ್ಲೋ ಒಂದು ಕಡೆ ಸೊಟ್ಟಗಾದರೆ ಅಲ್ಲಿ ತಗ್ಗು ಬಿದ್ದಿದೆ, ಅದನ್ನು ಎಬ್ಬಿಸಬಹುದು, ಚಿಂತೆ ಇಲ್ಲ. ಬಳೆಯಂಥ ಕಪ್ಪು ಉಂಗುರ ಸುತ್ತಲೂ ಕಂಡರೆ ಅದು ಉಬ್ಬು. ಮಣ್ಣೋ ಬಟ್ಟೆ ಚೂರೋ ಒಳಗೆ ಸಿಕ್ಕಿದ್ದಾಗ ಹೊಡೆದದ್ದರಿಂದ ಕಬ್ಬಿಣ ಹಿಗ್ಗಿದೆ. ಹೊರಗಿಂದ ಬಡಿದು ಉಜ್ಜಿ ಮುಚ್ಚಿರುತ್ತಾರೆ, ಒಳಗಿನ ಉಂಗುರ ಹೇಳಿಬಿಡುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ನಳಿಗೆಯನ್ನು ಹಿಡಿದು, ಕಣ್ಣು ಮುಚ್ಚಿ ಉದ್ದಕ್ಕೂ ಎಳೆಯಿರಿ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ.

ನಳಿಗೆಯ ಬಾಯಿ ನೋಡುವುದು ಮರೆಯಬೇಡಿ. ನಮ್ಮಲ್ಲಿ ಕೈಲ್ ಪೊಳ್ದ್ ದಿನ, ಅಂದರೆ ಕೊಡಗಿನ ಆಯುಧ ಪೂಜೆಯ ಹಬ್ಬದಲ್ಲಿ, ಕೋವಿಗೆ ಪೂಜೆ ಮಾಡಿ ನಳಿಗೆ ಬಾಯಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸುತ್ತೇವೆ. ಹಬ್ಬದ ಗಲಾಟೆಯಲ್ಲಿ ಆ ಹೂವನ್ನು ಎರಡು ದಿನ ಅಲ್ಲೇ ಬಿಟ್ಟು, ಬಾಯಿಗೆ ತುಕ್ಕು ಹತ್ತಿಸಿಕೊಂಡ ಕೋವಿಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಹಾಗೆ ತಿಂದ ಬಾಯಿಯನ್ನು ಒಂದಿಂಚು ಕತ್ತರಿಸಿ ಸಾಪು ಮಾಡಿಬಿಡುತ್ತಾರೆ. ಕತ್ತರಿಸಿದ್ದರೆ ಎರಡು ನಳಿಗೆಯ ಬಾಯಿ ಒಂದಕ್ಕೊಂದು ತಾಗದೆ ನಡುವೆ ಸಂದಿ ಇರುತ್ತದೆ, ಅಥವಾ ಸಂದಿಗೆ ಬೆಸುಗೆ ತುಂಬಿರುತ್ತದೆ. ಟೇಪಿನಲ್ಲಿ ಅಳೆಯಿರಿ. 28 ಇಂಚು ಅಂತ ಅವರು ಹೇಳಿದ್ದು 27 ಚಿಲ್ಲರೆ ಬಂದರೆ ಕತ್ತರಿ ಬಿದ್ದಿದೆ ಅಂದುಕೊಳ್ಳಿ. ಕತ್ತರಿಸಿದರೆ ಮೊದಲು ಹೋಗುವುದು ಚೋಕ್. ಅಡಿಯಲ್ಲಿ ಚೋಕ್ ಅಂತ ಮುದ್ರೆ ಇದ್ದು ಬಾಯಿಯಲ್ಲಿ ಚೋಕ್ ಇಲ್ಲ ಅಂದರೆ ಅನುಮಾನಕ್ಕೆ ಜಾಗವೇ ಇಲ್ಲ.

ನಳಿಗೆ ಪಾಸಾದರೆ ಉಳಿದದ್ದನ್ನು ಬೇಗ ನೋಡಿ ಮುಗಿಸಬಹುದು. ನಳಿಗೆಯನ್ನು ಸೇರಿಸಿ, ಮುಂದಿನ ಮರ ಹಾಕದೆ, ಹಿಡಿಯ ಕುತ್ತಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಮುಂದಿನ ಮರ ಇದ್ದರೆ ಅದರ ಸ್ಪ್ರಿಂಗ್ ಸಡಿಲವನ್ನೆಲ್ಲ ಮುಚ್ಚಿಹಾಕುತ್ತದೆ, ಅದಕ್ಕೇ ತೆಗೆಯಬೇಕು. ಕಟಕಟ ಅಂದರೆ ಸಂದು ಸವೆದಿದೆ. ಗಟ್ಟಿ ಇದ್ದರೂ ಅಷ್ಟಕ್ಕೆ ಬಿಡಬೇಡಿ, ಕೊಕ್ಕೆಯ ಮೇಲೆ ಸುತ್ತಿಗೆ ಗುರುತು ಹುಡುಕಿ. ಕಬ್ಬಿಣವನ್ನು ಬಡಿದು ಉಬ್ಬಿಸಿ ಬಿಗಿ ಮಾಡುವುದು ಅಗ್ಗದ ಉಪಾಯ, ಬಹಳ ದಿನ ಬಾಳುವುದಿಲ್ಲ. ಮುಚ್ಚಿದ ಮೇಲೆ ಬೆಳಕಿಗೆ ಹಿಡಿದಾಗ ನಳಿಗೆಯ ಹಿಂಭಾಗಕ್ಕೂ ಅದರ ಎದುರಿನ ಗೋಡೆಗೂ ನಡುವೆ ಬೆಳಕು ತೂರಬಾರದು. ಬೀಡಿ ಎಲೆ ಅಲ್ಲ, ಸಿಗರೇಟ್ ಪೇಪರ್ ಕೂಡ ನುಸುಳಬಾರದು.

ಮೇಲಿನ ಲಿವರ್ ಹೊಸದರಲ್ಲಿ ಸ್ವಲ್ಪ ಬಲಕ್ಕೆ ನಿಲ್ಲುತ್ತದೆ, ಸವೆದ ಹಾಗೆ ಎಡಕ್ಕೆ ಸರಿಯುತ್ತದೆ. ರಿಸ್ಟೋರ್ ಆದ ಕೋವಿಯಲ್ಲಿ ಇದನ್ನು ನಂಬೋಕಾಗಲ್ಲ, ವೆಲ್ಡ್ ಮಾಡಿ ನಡುವಿಗೆ ತಂದಿರುತ್ತಾರೆ. ನಾನು ನಂಬುವುದು ಸ್ಕ್ರೂಗಳನ್ನು. ಒಳ್ಳೆ ಇಂಗ್ಲಿಷ್ ಕೋವಿಯಲ್ಲಿ ಸ್ಕ್ರೂ ತಲೆಯ ಸೀಳು ಕೂದಲಿನಷ್ಟು ತೆಳ್ಳಗೆ, ಎಲ್ಲವೂ ಕೋವಿಯ ಉದ್ದಕ್ಕೇ ನೇರವಾಗಿ ಮುಖ ಮಾಡಿರುತ್ತವೆ. ಸೀಳಿನ ಅಂಚು ಕಿತ್ತುಹೋಗಿ, ಒಂದು ಪೂರ್ವಕ್ಕೆ ಇನ್ನೊಂದು ಪಶ್ಚಿಮಕ್ಕೆ ನೋಡುತ್ತಿದ್ದರೆ ಬಿಚ್ಚಿದವನಿಗೆ ಸರಿಯಾದ ಸ್ಕ್ರೂಡ್ರೈವರೂ ಇರಲಿಲ್ಲ, ತಾಳ್ಮೆಯೂ ಇರಲಿಲ್ಲ. ಹೊರಗೆ ಹೀಗೆ ಮಾಡಿದವನು ಒಳಗೆ ಏನು ಮಾಡಿರಬಹುದು ಅಂತ ನೀವೇ ಯೋಚಿಸಿ.

ಬಾಕ್ಸ್‌ಲಾಕ್ ಮೈಮೇಲಿನ ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಹಳೇ ಕೋವಿಯ ಕಬ್ಬಿಣಕ್ಕೆ ಮೂಳೆ-ಇದ್ದಿಲಿನ ಜೊತೆ ಕಾಯಿಸಿ ಗಟ್ಟಿ ಮಾಡಿದಾಗ ಬರುವ ನೀಲಿ-ಕಂದು ಮೋಡದಂಥ ಬಣ್ಣ ಚೆಂದ. ಅದು ಕಾಲಕ್ಕೆ ಮಾಸಿ ಬೂದು ಬೆಳ್ಳಿಯಾಗುತ್ತದೆ, ಆಗಬೇಕು ಕೂಡ. ನಿಮ್ಮ ಕೋವಿಯಲ್ಲಿ ಬಣ್ಣ ಹೊಸದಾಗಿದೆ. ಗ್ಯಾಸ್ ಟಾರ್ಚ್ ಹಿಡಿದು ಬರಿಸಿದ ಬಣ್ಣವಾದರೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ, ಮೋಡದ ಹಾಗೆ ಚದುರಿರುವುದಿಲ್ಲ. ಆ ಬಿಸಿಗೆ ಮೇಲಿನ ಗಟ್ಟಿತನ ಹೋಗಿರುತ್ತದೆ. ಯಾರು ಮಾಡಿದರು, ಹೇಗೆ ಮಾಡಿದರು ಅಂತ ನೇರವಾಗಿ ಕೇಳಿ.

ಮರದಲ್ಲಿ ನೋಡಬೇಕಾದ್ದು ಎರಡೇ. ಮರ ಮತ್ತು ಲೋಹ ಸೇರುವ ಅಂಚಿನಲ್ಲಿ ಉಗುರು ಎಳೆಯಿರಿ. ಹೊಸದರಲ್ಲಿ ಮರ ಕೂದಲೆಳೆಯಷ್ಟು ಎತ್ತರ ಇರುತ್ತದೆ. ಉಗುರು ಲೋಹದಿಂದ ಮರಕ್ಕೆ ಇಳಿದರೆ ಉಪ್ಪುಕಾಗದ ಜಾಸ್ತಿ ಆಡಿದೆ. ಇನ್ನೊಂದು, ಲೋಹದ ಹಿಂದೆ, ಕುತ್ತಿಗೆಯ ಹತ್ತಿರ ಬಿರುಕು. ದಪ್ಪ ವಾರ್ನಿಶ್ ಬಳಿದಿದ್ದರೆ ಅಲ್ಲೇ ಏನೋ ಅಡಗಿರುತ್ತದೆ. ಹಿಡಿಯ ಉದ್ದವನ್ನೂ ಭುಜಕ್ಕಿಟ್ಟು ನೋಡಿ. 20, 28 ಬೋರ್‌ಗಳನ್ನು ಹುಡುಗರಿಗೆ, ಹೆಂಗಸರಿಗೆ ಅಂತ ಮಾಡಿಸಿದ್ದು ಬಹಳ. ಗಿಡ್ಡ ಹಿಡಿ ಇರುತ್ತದೆ, ನಿಮಗೆ ಹೆಬ್ಬೆರಳು ಮೂಗಿಗೆ ಬಡಿದೀತು. ಒಂದು ಕೋವಿಗೆ ವಾಲ್‌ನಟ್ ಹಿಡಿ ಮುರಿದದ್ದಕ್ಕೆ ಬೀಟೆ ಮರದ ಹಿಡಿ ಹಾಕಿಸಿದ್ದನ್ನೂ ನೋಡಿದ್ದೇನೆ. ಅಂದ ಹೇಳತೀರದು, ತೂಕ ಒನಕೆಯದು.

ತೂಕ ಅಂದಾಗ ನೆನಪಾಯಿತು, ಮನೆಯಲ್ಲಿ ಮೆಣಸು ತೂಗುವ ತಕ್ಕಡಿ ಇದ್ದೇ ಇರುತ್ತದಲ್ಲ, ಅದರ ಮೇಲಿಡಿ. 20 ಬೋರಿಗೆಂದೇ ಸಣ್ಣ ಮೈಯಲ್ಲಿ ಮಾಡಿದ ಇಂಗ್ಲಿಷ್ ಜೋಡಿ ನಳಿಗೆ 2.6ರಿಂದ 2.75 ಕೆ.ಜಿ. ಸುಮಾರು ಇರಬೇಕು. ಮೂರು ಕೆ.ಜಿ. ದಾಟಿದರೆ ಅದು 12 ಬೋರಿನ ಮೈಗೆ 20ರ ನಳಿಗೆ ಕೂರಿಸಿದ್ದೇ ಅಂತ ನೋಡಿ. ಸಣ್ಣ ಬೋರಿಗೆ ಜಾಸ್ತಿ ದುಡ್ಡು ಕೊಡುವುದೇ ಅದು ಕೈಯಲ್ಲಿ ಹಕ್ಕಿಯಂತೆ ಏಳುತ್ತದೆ ಅಂತ. ಅದೇ ಇಲ್ಲದಿದ್ದರೆ ಜಾಸ್ತಿ ಯಾಕೆ ಕೊಡಬೇಕು?

ಬಿಲ್ಲು (ಟ್ರಿಗರ್) ಎಳೆದು ನೋಡುವಾಗ ಖಾಲಿ ಹೊಡೆಯಬೇಡಿ, ಒಳಗಿನ ಮೊಳೆ ಮುರಿಯಬಹುದು, ಆಮೇಲೆ ಅವರು ನಿಮ್ಮ ತಲೆಗೆ ಕಟ್ಟುತ್ತಾರೆ. ಸ್ನ್ಯಾಪ್ ಕ್ಯಾಪ್, ಅಂದರೆ ಮದ್ದಿಲ್ಲದ ಡಮ್ಮಿ ತೋಟಾ, ಹಾಕಿಕೊಳ್ಳಿ. ಅದನ್ನು ಹಾಕಿ, ಸೇಫ್ಟಿ ಬಿಟ್ಟು, ಬಿಲ್ಲು ಮುಟ್ಟದೆ ಹಿಡಿಯ ಹಿಂಭಾಗಕ್ಕೆ ಅಂಗೈಯಿಂದ ಗುದ್ದಿ. ಟಕ್ ಅಂತ ಕುದುರೆ ಬಿದ್ದ ಸದ್ದು ಕೇಳಿದರೆ ಆ ಕೋವಿ ಬೇಲಿ ಹಾರುವಾಗ ಯಾರನ್ನಾದರೂ ತೆಗೆಯುತ್ತದೆ. ಬಿಲ್ಲು ಬಹಳ ಹಗುರ ಮಾಡಿಸಿದ ಕೋವಿಗಳಲ್ಲಿ ಇದು ಜಾಸ್ತಿ.

ಇದಕ್ಕಿಂತ ದೊಡ್ಡ ಅಪಾಯ ನಿಮ್ಮ ಮನೆಯಲ್ಲಿ ಈಗಾಗಲೇ ಇದೆ, ಅಪ್ಪನ 12 ಬೋರ್. ಎರಡೂ ಕೋವಿ ಒಂದೇ ಮನೆಯಲ್ಲಿದ್ದಾಗ ಎಂದಾದರೊಂದು ದಿನ 20ರ ತೋಟಾ 12ರ ಚೇಂಬರಿಗೆ ಬೀಳುತ್ತದೆ. ಬಿದ್ದದ್ದು ಕೆಳಗೂ ಹೋಗುವುದಿಲ್ಲ, ಮೇಲೂ ಕಾಣುವುದಿಲ್ಲ, ಸ್ವಲ್ಪ ಮುಂದೆ ಹೋಗಿ ಅದರ ಅಂಚು ಸಿಕ್ಕಿಕೊಳ್ಳುತ್ತದೆ. ಖಾಲಿ ಅಂದುಕೊಂಡು ಹಿಂದೆ 12ರದ್ದು ಹಾಕಿ ಹೊಡೆದರೆ ನಳಿಗೆ ಸೀಳುತ್ತದೆ, ಎಡಗೈ ಇರುವುದು ಸರಿಯಾಗಿ ಅಲ್ಲೇ. ಈಗಿನ 20 ಬೋರ್ ತೋಟಾಕ್ಕೆ ಹಳದಿ ಬಣ್ಣ ಕೊಡುವುದು ಇದೇ ಕಾರಣಕ್ಕೆ. ಹಳೇ ದಾಸ್ತಾನಿನಲ್ಲಿ ಬೇರೆ ಬಣ್ಣವೂ ಇರುತ್ತದೆ. ಎರಡರ ತೋಟಾವನ್ನೂ ಬೇರೆ ಬೇರೆ ಬೀರುವಿನಲ್ಲಿಡಿ, ಒಂದೇ ಜೇಬಿಗೆ ಎಂದೂ ಹಾಕಬೇಡಿ. ಮತ್ತೆ, ಕೋವಿ ಕೊಳ್ಳುವ ಮೊದಲೇ ನಿಮ್ಮ ತೋಟಾ ಡೀಲರ್‌ಗೆ ಫೋನ್ ಮಾಡಿ 20 ಬೋರ್ 65 ಮಿ.ಮೀ. ತೋಟಾ ತರಿಸಿಕೊಡುತ್ತಾರಾ ಅಂತ ಕೇಳಿ. ತೋಟಾ ಸಿಗದ ಕೋವಿಗೆ ಈ ಬೆಲೆ ಕೊಟ್ಟರೆ ಅದು ಬರೀ ಗೋಡೆಯ ಅಲಂಕಾರ.

ಕಾಗದದ ವಿಷಯ ಕೊನೆಗೆ ಹೇಳುತ್ತಿದ್ದೇನೆ, ಆದರೆ ನೀವು ಮೊದಲು ಮಾಡಿ. 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಬಂದೂಕು. ನಿಮ್ಮ ಬಳಿ ಒಂದಿದೆ, ಇದು ಎರಡನೆಯದು, ಅಲ್ಲಿಗೆ ಮುಗಿಯಿತು. ನಿಮ್ಮ ಲೈಸೆನ್ಸ್‌ನಲ್ಲಿ ಎರಡನೇ ಕೋವಿಗೆ ಅನುಮತಿ ಸಿಗಬೇಕು, 20 ಬೋರ್ ಡಿಬಿಬಿಎಲ್ (ಜೋಡಿ ನಳಿಗೆ, ಹಿಂದಿನಿಂದ ತೋಟಾ ತುಂಬುವ ಕೋವಿ) ಅಂತ ಸರಿಯಾಗಿ ಬರೆಸಿಕೊಳ್ಳಬೇಕು. ಮಾರುವವರು ತಾವು ಮಾರುತ್ತಿದ್ದೇವೆ ಅಂತ ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಬರಹದಲ್ಲಿ ತಿಳಿಸಿ 45 ದಿನ ಕಾಯಬೇಕು, ಅದಕ್ಕೆ ಮುಂಚೆ ಕೋವಿ ಕೈ ಬದಲಾಗುವ ಹಾಗಿಲ್ಲ. ಅವರು ಕೊಡವರಾಗಿದ್ದರೆ ಲೈಸೆನ್ಸ್ ಬದಲು ವಿನಾಯಿತಿ ಪತ್ರ ತೋರಿಸಬಹುದು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಆ ವಿನಾಯಿತಿ ಇದೆ, ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿದೆ. ಆದರೆ ವಿನಾಯಿತಿ ಅವರಿಗೆ, ಕೋವಿಗಲ್ಲ. ಕೋವಿ ನಿಮ್ಮ ಕೈಗೆ ಬಂದ ಗಳಿಗೆಯಿಂದ ನಿಮ್ಮ ಲೈಸೆನ್ಸೇ ಮಾತಾಡಬೇಕು.

ಅವರ ಕಾಗದದಲ್ಲಿರುವ ನಂಬರ್, ನಳಿಗೆ ಮೇಲಿನ ನಂಬರ್, ಮುಂದಿನ ಮರದ ಕಬ್ಬಿಣದ ಮೇಲಿನದು, ಬಿಲ್ಲಿನ ಕಾವಲು ಅಥವಾ ಮೈಮೇಲಿನದು, ಎಲ್ಲ ಒಂದೇ ಇರಬೇಕು. ಒಂದಕ್ಕೊಂದು ಹೊಂದದಿದ್ದರೆ ಎರಡು ಕೋವಿ ಸೇರಿಸಿ ಒಂದು ಮಾಡಿದ್ದಾರೆ. ನಂಬರ್ ಅಳಿಸಿಯೇ ಹೋಗಿದ್ದರೆ ಅದಕ್ಕಿಂತ ಕೆಟ್ಟದ್ದು. ಗುರುತು ಅಳಿಸಿದ ಬಂದೂಕು ಇಟ್ಟುಕೊಳ್ಳುವುದು ಆರ್ಮ್ಸ್ ಆಕ್ಟ್ ಪ್ರಕಾರ ಅಪರಾಧ, ‘ಪಾಲಿಶ್ ಮಾಡುವಾಗ ಹೋಯಿತು ಸಾರ್’ ಅಂದರೆ ಠಾಣೆಯಲ್ಲಿ ಯಾರೂ ನಗುವುದಿಲ್ಲ. ನಿಮ್ಮ ಫೋಟೋಗಳಲ್ಲಿ ಬಿಲ್ಲಿನ ಕಾವಲಿನ ಮೇಲೆ ನಂಬರ್ ಇರಬೇಕಾದ ಜಾಗ ನುಣುಪಾಗಿ ಕಾಣುತ್ತಿದೆ. ಇದನ್ನು ಮೊದಲು ನೋಡಿ.

ಬೆಲೆ ಜಾಸ್ತಿ ಅಂದಿದ್ದೀರಿ. 1980ರ ದಶಕದಲ್ಲಿ ಆಮದು ಬಿಗಿಯಾದ ಮೇಲೆ ನಮ್ಮಲ್ಲಿ ಹಳೇ ಇಂಗ್ಲಿಷ್ ಕೋವಿಗೆ ಬಾಯಿಗೆ ಬಂದದ್ದೇ ಬೆಲೆ. ರಿಸ್ಟೋರ್ ಮಾಡಿಸಿದ ಖರ್ಚನ್ನು ಮಾರುವವರು ಸೇರಿಸಿ ಕೇಳುತ್ತಾರೆ. ನಾನು ಕಳೆದು ಕೊಡುತ್ತೇನೆ. ಮಾಸಿದ ಬಣ್ಣ, ಸವೆದ ಕೆತ್ತನೆ, ಬೋರಿನಲ್ಲಿ ನಾಲ್ಕು ಚುಕ್ಕೆ ಇದ್ದು, ಗೋಡೆ 25 ಥೌ ಬರುವ, ಬಾರಿಸಿದರೆ ಠಣ್ ಅನ್ನುವ, ಯಾರೂ ಮುಟ್ಟದ ಕೋವಿ ಸಿಕ್ಕರೆ ಅದಕ್ಕೆ ಇವರು ಕೇಳುವಷ್ಟು ಕೊಡಿ, ಬೇಜಾರಿಲ್ಲ.

ಈ ಕೋವಿಗೆ ಹೀಗೆ ಮಾಡಿ. ಮುಂಗಡ ಕೊಡುವ ಮೊದಲು, ಮಾರುವವರೇ ತಮ್ಮ ಕಾಗದದ ಸಮೇತ ಕೋವಿಯನ್ನು ಲೈಸೆನ್ಸ್ ಇರುವ ರಿಪೇರಿ ಅಂಗಡಿಗೆ ತರಲಿ, ನೀವೂ ಅಲ್ಲಿಗೇ ಹೋಗಿ, ಚೇಂಬರ್, ಬೋರ್, ಗೋಡೆ ಮೂರೂ ಅಳತೆ ನಿಮ್ಮ ಕಣ್ಣೆದುರಿಗೆ ಬರೆಸಿಕೊಳ್ಳಿ. ಅದಕ್ಕೆ ಅವರು ಒಪ್ಪದಿದ್ದರೆ ನಿಮಗೆ ಉತ್ತರ ಸಿಕ್ಕಿತು. ಒಪ್ಪಿದರೆ ಆ ಮೂರು ಅಂಕಿ ಮತ್ತು ಐದನೇ ಫೋಟೋವನ್ನು ಅಲುಗದ ಹಾಗೆ, ಟಾರ್ಚ್ ಪಕ್ಕದಿಂದ ಹಿಡಿದು ತೆಗೆದು ನನಗೆ ಕಳಿಸಿ. ರಿಬ್ ಮೇಲಿನ ಹೆಸರಿನ ಫೋಟೋ ಇನ್ನು ಬೇಡ.